ಬೆಕ್ಕಿನ ತೊಟ್ಟಿಗೆ ಎತ್ತರದ ಗೋಡೆ

ಫ್ಲ್ಯಾಟಿನಲ್ಲಿ ಸಾಕಿದ ಬೆಕ್ಕನ್ನು ಬೇರೆಯವರಿಗೆ ಒಪ್ಪಿಸಿಬಿಡುವುದಕ್ಕೆ, ಅಥವಾ ಒಂದು ಸಂಜೆ ಚೀಲದಲ್ಲಿ ಕಟ್ಟಿ ದೂರದ ಮಾರುಕಟ್ಟೆಯ ಬಳಿ ಬಿಟ್ಟುಬರುವುದಕ್ಕೆ ಹೇಳುವ ಕಾರಣಗಳಲ್ಲಿ ಮೂತ್ರದ ವಾಸನೆ ಮುಖ್ಯವಾದದ್ದು. ಸೋಫಾ ಪರಚಿದ್ದನ್ನು ಸಹಿಸುತ್ತೇವೆ, ಹಾಲಿನ ಪಾತ್ರೆ ಉರುಳಿಸಿದ್ದನ್ನು ನಗುತ್ತ ಹೇಳಿಕೊಳ್ಳುತ್ತೇವೆ. ಗೋಡೆಯ ಬುಡದಲ್ಲಿ ಮೂತ್ರ ಹರಿದ ದಿನ ಮಾತ್ರ ‘ಇದು ಬುದ್ಧಿ ಕಲಿಯುವ ಪ್ರಾಣಿಯಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಆ ತೀರ್ಪಿಗೆ ಮೊದಲು ಮೂಲೆಯಲ್ಲಿರುವ ಮರಳಿನ ತೊಟ್ಟಿಯನ್ನು ಒಮ್ಮೆ ಪರೀಕ್ಷಿಸಬೇಕು ಎಂಬುದು ನಮ್ಮ ವಾದ. ಎಷ್ಟೋ ಮನೆಗಳಲ್ಲಿ ದೋಷವಿರುವುದು ತೊಟ್ಟಿಯ ಅಳತೆಯಲ್ಲಿ. ಅದನ್ನು ಸರಿಪಡಿಸಲು ಬೇಕಾಗುವುದು ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಂದು ಗರಗಸದ ಅಲಗು ಮತ್ತು ಒಂದು ಭಾನುವಾರದ ಮಧ್ಯಾಹ್ನ.

ಊರಿನ ಮನೆಗಳಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಹಿತ್ತಲಿನ ಸಡಿಲ ಮಣ್ಣು, ಬಚ್ಚಲೊಲೆಯ ಬೂದಿಗುಡ್ಡೆ, ಬಾಳೆಯ ಬುಡ ಇವುಗಳ ನಡುವೆ ಬೆಕ್ಕು ತನ್ನ ಜಾಗವನ್ನು ತಾನೇ ಆರಿಸಿಕೊಳ್ಳುತ್ತಿತ್ತು; ಅದು ಯಾವಾಗ ಹೋಯಿತು, ಎಲ್ಲಿ ಮುಚ್ಚಿಟ್ಟಿತು ಎಂಬುದು ಮನೆಯವರಿಗೆ ತಿಳಿಯುತ್ತಲೂ ಇರಲಿಲ್ಲ. ಸಾಕುಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಮೃದುವಾದ ಮಣ್ಣನ್ನು ಕೆದರಿ, ಕೆಲಸ ಮುಗಿಸಿ, ಮತ್ತೆ ಮುಚ್ಚುವುದು ಅದರ ರಕ್ತದಲ್ಲಿ ಬಂದ ಪಾಠ. ಕಾಂದಿವಲಿಯ ಏಳನೆಯ ಮಹಡಿಯಲ್ಲಾಗಲಿ, ಪುಣೆಯ ಕೋಥ್‌ರೂಡಿನಲ್ಲಾಗಲಿ ಆ ಪಾಠವನ್ನು ಪ್ರಯೋಗಿಸಲು ಅದಕ್ಕೆ ದೊರೆಯುವುದು ಟೈಲ್ಸ್ ನೆಲ. ಮಣ್ಣನ್ನು ಕಸಿದುಕೊಂಡವರು ನಾವು; ಒಂದಿಷ್ಟು ಮಣ್ಣನ್ನು ಅದಕ್ಕೆ ಒಗ್ಗುವ ರೀತಿಯಲ್ಲಿ ಮರಳಿ ಒದಗಿಸುವುದೂ ನಮ್ಮದೇ ಹೊಣೆ. 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಎಂಬಾತ ಹೀರುಗುಣದ ಜೇಡಿಯನ್ನು ಬೆಕ್ಕಿನ ತೊಟ್ಟಿಗಾಗಿ ಮಾರತೊಡಗಿದ ಮೇಲೆ ಮನೆಯೊಳಗೇ ಬೆಕ್ಕು ಸಾಕುವುದು ಸುಲಭವಾಯಿತು. ಮಣ್ಣಿನ ಪ್ರಶ್ನೆ ಹೀಗೆ ಪರಿಹಾರವಾದರೂ ಪಾತ್ರೆಯ ಪ್ರಶ್ನೆ ಉಳಿದುಕೊಂಡಿತು.

ಅಂಗಡಿಯಲ್ಲಿ ಸಿಗುವ ಅಗ್ಗದ ತಟ್ಟೆಗಳು ಸಾಮಾನ್ಯವಾಗಿ ಗೇಣುದ್ದ ಎತ್ತರವೂ ಇರುವುದಿಲ್ಲ. ಮರಿಗೆ ಅದು ಸಾಕು. ನಾಲ್ಕೈದು ಕಿಲೋ ತೂಗುವ ಬೆಳೆದ ಗಂಡುಬೆಕ್ಕು ಅದರಲ್ಲಿ ತಿರುಗಲೂ ಕಷ್ಟಪಡುತ್ತದೆ. ಕೆಲವು ಬೆಕ್ಕುಗಳಿಗೆ ಪೂರ್ತಿ ಕುಕ್ಕರಿಸುವ ಅಭ್ಯಾಸವಿಲ್ಲ. ಕುಳಿತು ಆರಂಭಿಸಿ, ಮುಗಿಸುವ ಹೊತ್ತಿಗೆ ಹಿಂಭಾಗವನ್ನು ಎತ್ತಿರುತ್ತವೆ. ಧಾರೆ ಅಂಚನ್ನು ದಾಟಿ ಗೋಡೆಗೆ ಬಡಿದು, ತಟ್ಟೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಇಳಿದು, ನಮ್ಮ ಕಣ್ಣಿಗೆ ಬೀಳದೆ ಮೂಗಿಗೆ ಮಾತ್ರ ಬೀಳುತ್ತದೆ. ಬೆಕ್ಕಿನ ಲೆಕ್ಕದಲ್ಲಿ ಯಾವ ಅಪಚಾರವೂ ನಡೆದಿಲ್ಲ. ಅದರ ನಾಲ್ಕು ಪಾದಗಳೂ ಮರಳಿನೊಳಗೇ ಇದ್ದವು, ಕೊನೆಗೆ ಮರಳನ್ನು ಕೆದರಿ ಮುಚ್ಚಿಯೂ ಆಯಿತು. ಅಂಥ ಪ್ರಾಣಿಯನ್ನು ಗದರಿಸಿದರೆ ಅದು ಕಲಿಯುವುದು ಒಂದನ್ನೇ: ತೊಟ್ಟಿಯ ಬಳಿ ಹೋದರೆ ಬೈಗುಳ ಕಾದಿದೆ ಎಂಬುದನ್ನು. ಮುಂದಿನ ಸಲ ಅದು ಮಂಚದ ಕೆಳಗನ್ನು ಹುಡುಕುತ್ತದೆ.

ಪರಿಹಾರ ಸರಳವಾದದ್ದು. ತೊಟ್ಟಿಯ ಉದ್ದ, ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟಾದರೂ ಇರಬೇಕು ಎಂಬುದು ಬಲ್ಲವರು ಒಪ್ಪುವ ಸೂತ್ರ. ಬಟ್ಟೆಬರೆ ತುಂಬಿಡಲು ಮಾರುವ ದೊಡ್ಡ ಪ್ಲಾಸ್ಟಿಕ್ ಡಬ್ಬಗಳು ಈ ಅಳತೆಗೆ ಹೊಂದುತ್ತವೆ. ಅಗಲ ಸುಮಾರು 40 ಸೆಂಟಿಮೀಟರ್, ಎತ್ತರ 35ರಿಂದ 40 ಇದ್ದರೆ ಸಾಕು. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತಮುತ್ತ, ಪುಣೆಯ ತುಳಶೀಬಾಗಿನಲ್ಲಿ, ಹೈದರಾಬಾದಿನ ಬೇಗಂ ಬಜಾರಿನಲ್ಲಿ, ದೆಹಲಿಯ ಸದರ್ ಬಜಾರಿನಲ್ಲಿ ಇಂಥವು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಕೊಳ್ಳುವಾಗ ತಳವನ್ನು ತಿರುಗಿಸಿ ನೋಡಬೇಕು. ತ್ರಿಕೋನದೊಳಗೆ 5 ಅಥವಾ 2 ಎಂಬ ಅಂಕಿಯಿದ್ದರೆ ಆ ಪ್ಲಾಸ್ಟಿಕ್ ಬಾಗುತ್ತದೆ, ಕತ್ತರಿಸಿದರೂ ಸುಲಭವಾಗಿ ಸೀಳುವುದಿಲ್ಲ. ಗಾಜಿನಂತೆ ಹೊಳೆಯುವ ಗಡುಸು ಡಬ್ಬ ಗರಗಸ ಸೋಕಿದೊಡನೆ ಬಿರುಕು ಬಿಡುವ ಸಂಭವ ಹೆಚ್ಚು.

ಬಾಗಿಲನ್ನು ಎಲ್ಲಿ ಕತ್ತರಿಸಬೇಕೆಂಬುದೇ ಇಲ್ಲಿ ಯೋಚಿಸಬೇಕಾದ ವಿಷಯ. ಉದ್ದನೆಯ ಬದಿಯ ಒಂದು ತುದಿಗೆ ಅದನ್ನು ಇಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಆಗ ಬೆಕ್ಕು ಒಳಗಿನ ಮೂಲೆಗೆ ಸರಿದು ಕುಳಿತರೆ ಅದರ ಹಿಂಭಾಗಕ್ಕೆ ಎತ್ತರದ ಗೋಡೆಯೇ ಎದುರಾಗುತ್ತದೆ. ಬಾಗಿಲ ಹೊಸ್ತಿಲು ನೆಲದಿಂದ 12-15 ಸೆಂಟಿಮೀಟರ್ ಇರಲಿ, ಅಗಲ 20-25 ಇರಲಿ. ಗುರುತು ಹಾಕಿ, ಕೆಳಗಿನ ಎರಡು ಮೂಲೆಗಳಲ್ಲಿ ಮೊದಲು ದುಂಡನೆಯ ತೂತು ಕೊರೆದು, ಆಮೇಲೆ ಗರಗಸ ಎಳೆಯಬೇಕು. ಚೂಪಾದ ಮೂಲೆಯಿಂದಲೇ ಬಿರುಕು ಹೊರಡುವುದು. ಕತ್ತರಿಸಿದ ಅಂಚನ್ನು ಮರಳುಕಾಗದದಿಂದ ಉಜ್ಜಿ, ಸೀಳಿದ ನೀರಿನ ಪೈಪಿನ ತುಂಡನ್ನು ಅದರ ಮೇಲೆ ಕೂರಿಸಿದರೆ ಹೊಟ್ಟೆಗೆ ತರಚದು. ವಯಸ್ಸಾಗಿ ಕೀಲು ಹಿಡಿದ ಬೆಕ್ಕಿಗೂ ಮರಿಗೂ ಹೊಸ್ತಿಲನ್ನು 7-8 ಸೆಂಟಿಮೀಟರಿಗೆ ಇಳಿಸಬೇಕು. ಇಲ್ಲವಾದರೆ ಎತ್ತರದ ಗೋಡೆಯೇ ಅದನ್ನು ಹೊರಗಿಟ್ಟಂತಾಗುತ್ತದೆ. ಮುಚ್ಚಳ ಬೇಡ. ಅದು ವಾಸನೆಯನ್ನು ನಮ್ಮ ಮೂಗಿನಿಂದ ಮರೆಮಾಡಿ ಬೆಕ್ಕಿನ ಮೂಗಿಗೆ ಕೂಡಿಹಾಕುತ್ತದೆ.

ಒಳಗೆ ಎರಡು ಮೂರು ಅಂಗುಲ ಮರಳು ಸಾಕು. ನೀರು ಸೋಕಿದರೆ ಉಂಡೆಗಟ್ಟುವ ಬೆಂಟೊನೈಟ್ ಜೇಡಿ ನಮ್ಮ ದೇಶದಲ್ಲೇ, ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾಡ್‌ಮೇರ್ ಕಡೆ ಅಗೆಯುವ ಖನಿಜ. ಉಂಡೆಗಳನ್ನು ದಿನವೂ ತೆಗೆಯಬೇಕು, ಆದರೆ ಕಮೋಡಿಗೆ ಸುರಿಯಬಾರದು. ಅದು ಉಬ್ಬಿ ಇಡೀ ಕಟ್ಟಡದ ಕೊಳವೆಯನ್ನು ಕಟ್ಟಿಸೀತು. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಇದ್ದರೆ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಆದ್ದರಿಂದ ನಿತ್ಯದ ಶುಚಿ ಮನೆಯವರಿಗೂ ರಕ್ಷಣೆ. ಗರ್ಭಿಣಿಯರು ಮಾತ್ರ ಈ ಕೆಲಸವನ್ನು ಬೇರೆಯವರಿಗೆ ವಹಿಸಬೇಕು. ತೊಳೆಯಲು ಸಾಧಾರಣ ಸೋಪಿನ ನೀರು ಸಾಕು. ಫಿನೈಲನ್ನು ತೊಟ್ಟಿಯ ಹತ್ತಿರ ತರಬಾರದು. ಫಿನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಜೀರ್ಣಿಸಲಾರದು. ಹೊಸ ತೊಟ್ಟಿಯನ್ನು ಹಳೆಯದರ ಪಕ್ಕದಲ್ಲೇ ಇಟ್ಟು, ಹಳೆಯ ಮರಳನ್ನು ಒಂದು ಹಿಡಿ ಬೆರೆಸಿ, ಬೆಕ್ಕು ತಾನಾಗಿ ಒಪ್ಪಿಕೊಂಡ ಮೇಲೆ ಹಳೆಯದನ್ನು ತೆಗೆಯುವುದು ಲೇಸು.

ಎತ್ತರದ ಗೋಡೆ ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಬಾಲವೆತ್ತಿ ನಡುಗಿಸುತ್ತ ಬಾಗಿಲಿಗೋ ಪರದೆಗೋ ಸಿಂಪಡಿಸುವುದು ತನ್ನ ಎಲ್ಲೆಯನ್ನು ಗುರುತಿಸುವ ಕ್ರಿಯೆ. ಬಹುತೇಕ ಗಂಡುಗಳಲ್ಲಿ ಸಂತಾನಹರಣ ಚಿಕಿತ್ಸೆಯಿಂದ ಅದು ತಗ್ಗುತ್ತದೆ. ಪದೇಪದೇ ತೊಟ್ಟಿಗೆ ಹೋಗಿ, ತಿಣುಕಿ, ಹನಿಯೂ ಬಾರದೆ ಕೂಗುವ ಗಂಡುಬೆಕ್ಕಿಗೆ ಮೂತ್ರನಾಳ ಕಟ್ಟಿರಬಹುದು. ಅದನ್ನು ಆ ಗಳಿಗೆಯಲ್ಲೇ ಪಶುವೈದ್ಯರ ಬಳಿ ಒಯ್ಯಬೇಕು, ಮರುದಿನಕ್ಕೆ ಕಾದರೆ ಪ್ರಾಣವೇ ಹೋದೀತು. ತೆನಾಲಿ ರಾಮಕೃಷ್ಣನ ಬೆಕ್ಕು ಒಮ್ಮೆ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಮುಂದೆ ಹಾಲು ಕಂಡರೆ ಓಡಿದ ಕತೆ ನಮಗೆಲ್ಲ ಗೊತ್ತು. ತೊಟ್ಟಿಯಲ್ಲಿ ನೋವುಂಡ ಬೆಕ್ಕೂ ಹಾಗೆಯೇ. ನೋವು ತನ್ನ ದೇಹದ್ದೆಂದು ಅದಕ್ಕೆ ತಿಳಿಯದು. ನೋಯಿಸಿದ್ದು ತೊಟ್ಟಿಯೇ ಎಂದುಕೊಂಡು ಬೇರೆ ಜಾಗ ಹುಡುಕುತ್ತದೆ. ಅದನ್ನು ಹಟಮಾರಿತನವೆನ್ನುವುದು ಅನ್ಯಾಯ.

‘ಇಷ್ಟೆಲ್ಲ ಏಕೆ, ಹೊರಗೆ ಬಿಟ್ಟರಾಯಿತಲ್ಲ’ ಎನ್ನುವವರು ಇದ್ದೇ ಇರುತ್ತಾರೆ. ಹೊರಗೆ ಹಿತ್ತಲಿಲ್ಲ, ಇರುವುದು ವಾಹನಗಳು, ಬೀದಿನಾಯಿಗಳು ಮತ್ತು ಕೆಳಮನೆಯವರ ಹೂಕುಂಡಗಳು. ಆ ಕುಂಡಗಳಿಂದ ಆರಂಭವಾದ ಜಗಳ ಸೊಸೈಟಿಯ ಸಭೆಗೆ ಹೋಗಿ, ಬಾಡಿಗೆಯ ಮನೆಯಲ್ಲಿರುವವರಿಗೆ ಬೆಕ್ಕೋ ಮನೆಯೋ ಎಂಬ ಆಯ್ಕೆಯಾಗಿ ಹಿಂತಿರುಗುವುದುಂಟು. ಇನ್ನು ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ, ಅದು ಹಸಿವು ಬಾಯಾರಿಕೆಯಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಮಾತು ಹಾಗಿರಲಿ, ಮನೆಯೊಳಗೆ ಬೆಳೆದ ಬೆಕ್ಕಿಗೆ ಬೀದಿಯ ಬದುಕು ಗೊತ್ತಿಲ್ಲ.

ಆದ್ದರಿಂದ ಬೆಕ್ಕನ್ನು ಯಾರಿಗೆ ಕೊಡುವುದೆಂದು ವಿಚಾರಿಸುತ್ತಿರುವ ಗೆಳೆಯರಲ್ಲಿ ನಮ್ಮದೊಂದು ಬಿನ್ನಹ. ನಾಲ್ಕು ಕಡೆ ಫೋನು ಮಾಡುವ ಮೊದಲು ಒಂದು ಅಳತೆಪಟ್ಟಿ ಹಿಡಿದು ಬೆಕ್ಕಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಡಬ್ಬ ಕತ್ತರಿಸಿ, ಎರಡು ವಾರ ಕಾದು ನೋಡಿ. ಅಷ್ಟಾದರೂ ಮಾಡದೆ ಅದನ್ನು ಹೊರಗೆ ಹಾಕುವ ಅಧಿಕಾರ ನಮಗಿಲ್ಲ.