ಸೆಳೆಖಾನೆಯೊಳಗಣ ಮನೆಗಳು

ಹೋದ ತಿಂಗಳು ಬಾಗಿಲ ಅಗುಳಿಯ ವಿಚಾರವಾಗಿ ಬರೆದಿದ್ದೆವು. ಈ ಸಲ ಬಾಗಿಲನ್ನು ದಾಟಿ ಅಡಿಗೆಯ ಮನೆಗೇ ಬಂದಿದ್ದೇವೆ, ಬಂದುದು ವಿನೋದಕ್ಕಲ್ಲ. ನಮ್ಮ ಅಕ್ಕನವರಿಗೆ ಎಪ್ಪತ್ತೆರಡು ವರ್ಷ. ದೃಷ್ಟಿಯು ಬಹುಮಟ್ಟಿಗೆ ಹೋಗಿದ್ದರೂ ಒಲೆಯ ಮುಂದಿನ ಅಧಿಕಾರವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಹೋದ ವರ್ಷ ಚೈತ್ರದಲ್ಲಿ ಸೌಟಿಗಾಗಿ ಸೆಳೆಖಾನೆಯೊಳಗೆ ಕೈಯಿಟ್ಟಾಗ, ಸೌಟು ಸಟ್ಟುಗಗಳ ರಾಶಿಯಲ್ಲಿ ಅಡಗಿದ್ದ ಚೂರಿಯು ಅವರ ಎರಡು ಬೆರಳುಗಳನ್ನು ಕೊಯ್ದಿತು. ಇನ್ನು ಅವರು ಅಡಿಗೆಯ ಮನೆಗೆ ಬರಕೂಡದೆಂದು ಮನೆಯ ಕಿರಿಯರು ಗೊತ್ತುಮಾಡಿದರು. ಅಕ್ಕನವರು ಎರಡು ದಿನ ಸರಿಯಾಗಿ ಊಟಮಾಡಲಿಲ್ಲ. ಆಗ ನಾವು ಗರಗಸವನ್ನು ಹಿಡಿದೆವು.

ಮೊದಲು ಮಾಡಿದುದು ಕೆಟ್ಟಿತು. ಅಟ್ಟದ ಬಿಸಿಯಲ್ಲಿ ಚೆನ್ನಾಗಿ ಒಣಗಿದ್ದ ಹಲಸಿನ ಹಲಗೆಗಳನ್ನು ಅಗಲಕ್ಕೆ ಜೋಡಿಸಿ ತಳಮಾಡಿ, ಅದರ ಮೇಲೆ ಪಟ್ಟಿಗಳನ್ನು ನಿಲ್ಲಿಸಿ ಮೊಳೆ ಹೊಡೆದೆವು. ಕೂದಲೆಳೆಯೂ ತೂರದಂತೆ ಸೆಳೆಖಾನೆಯಲ್ಲಿ ಕುಳಿತುದನ್ನು ಕಂಡು ಹಿಗ್ಗಿದುದೂ ಉಂಟು. ನಮ್ಮದು ಮಲೆನಾಡು. ಆಷಾಢದ ಮಳೆ ಹಿಡಿದೊಡನೆ ಆ ತಳವು ನಾಲ್ಕೈದು ಮಿಲಿಮೀಟರು ಉಬ್ಬಿ, ಸೆಳೆಖಾನೆಯ ಪಕ್ಕಗಳನ್ನೇ ಹೊರಕ್ಕೆ ನೂಕಿತು. ಖಾನೆಯು ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಸೌಟುಗಳೆಲ್ಲ ಒಳಗೆ, ಮನೆಯವರೆಲ್ಲ ಹೊರಗೆ.

ಮರವು ಎಳೆಯ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಅಲ್ಪ. ಎಳೆಗೆ ಅಡ್ಡವಾಗಿ ಮಾತ್ರ ತೇವಕ್ಕೆ ಉಬ್ಬಿ, ಒಣಹವೆಗೆ ಕುಗ್ಗುವುದು. ಆದುದರಿಂದ ಎರಡನೆಯ ಸಲ ತಳವನ್ನೇ ಬಿಟ್ಟೆವು. ಎಲ್ಲ ಹಲಗೆಗಳನ್ನೂ ಅಂಚಿನ ಮೇಲೆ ನಿಲ್ಲಿಸಿ, ಎಳೆಯು ಉದ್ದಕ್ಕೆ ಬರುವಂತೆ ಮಾಡಿದೆವು. ಇನ್ನು ಅವು ಉಬ್ಬಿದರೂ ಮೇಲಕ್ಕೆ ಉಬ್ಬಬೇಕು. ಅಲ್ಲಿ ಬೇಕಾದಷ್ಟು ಬಯಲಿದೆ. ತಳವಿಲ್ಲದುದರಿಂದ ಇನ್ನೊಂದು ಲಾಭ: ಚೌಕಟ್ಟನ್ನು ಎತ್ತಿ, ಕೆಳಗೆ ಬಿದ್ದ ಸಾಸಿವೆ ಜೀರಿಗೆಗಳನ್ನು ಒರಸಿಬಿಡಬಹುದು. ಮರವು ತೇಗವಾದರೆ ಉತ್ತಮ. ಹೊನ್ನೆಯು ಗಟ್ಟಿಯಾದುದೇ, ಆದರೆ ನೀರು ತಗುಲಿದರೆ ಬಣ್ಣ ಬಿಡುವುದು. ಒದ್ದೆ ಸೌಟುಗಳ ನೆರೆಯಲ್ಲಿ ಅದು ಬೇಡ.

ಇನ್ನು ಲೆಕ್ಕ. ಸೆಳೆಖಾನೆಯ ಒಳಗಣ ಅಗಲ 480 ಮಿಲಿಮೀಟರು. ನಾಲ್ಕು ಮನೆ ಬೇಕೆಂದೊಡನೆ 480ನ್ನು ನಾಲ್ಕರಿಂದ ಭಾಗಿಸುವವರನ್ನು ನಾವು ತರಗತಿಯಲ್ಲಿ ಬಹಳ ವರ್ಷ ಕಂಡಿದ್ದೇವೆ. ಸರಾಗವಾಗಿ ಎತ್ತಿ ಇಳಿಸುವುದಕ್ಕೆ 3 ಬಿಡಬೇಕು. ಹೊರಗಣ ಎರಡು ಹಲಗೆಗಳ ದಪ್ಪ 12ರಂತೆ 24, ನಡುವಣ ಮೂರು ಹಲಗೆಗಳದು 9ರಂತೆ 27. ಉಳಿದುದು 426. ಇದರಲ್ಲಿ ಎಡಗಡೆಯ ಕೊನೆಯ ಮನೆಯನ್ನು ಚೂರಿಗಾಗಿಯೇ 60 ಇಟ್ಟು, ಮಿಕ್ಕ ಮೂರಕ್ಕೆ 122ರಂತೆ ಹಂಚಿದೆವು. ಸೌಟುಗಳನ್ನು ಅಳೆದು ನೋಡಿ, ಮುಂಗಡೆಯಿಂದ 330ರಲ್ಲಿ ಒಂದು ಅಡ್ಡಹಲಗೆ. ಅದರ ಹಿಂದೆ ಚಿಕ್ಕ ಚಮಚ ಮುಂತಾದುವಕ್ಕೆ ಚಿಕ್ಕ ಮನೆಗಳು.

ಉದ್ದದವೂ ಅಡ್ಡದ್ದೂ ಕೂಡುವ ಕಡೆಯಲ್ಲಿಯೇ ಕೆಲಸದ ಜೀವವಿರುವುದು. ಹಲಗೆಗಳ ಎತ್ತರ 50. ಉದ್ದಹಲಗೆಗಳಲ್ಲಿ ಮೇಲಿನಿಂದ 25 ಆಳದ ಕಚ್ಚು. ಅಡ್ಡಹಲಗೆಯಲ್ಲಿ ಕೆಳಗಿನಿಂದ ಅಷ್ಟೇ ಆಳದ ಮೂರು ಕಚ್ಚು. ಒಂದರ ಮೇಲೊಂದನ್ನು ಇಳಿಸಿದರೆ ಎರಡೂ ಸಮನಾಗಿ ಕೂಡಿಕೊಳ್ಳುವುವು, ಮೊಳೆಯಿಲ್ಲ, ಅಂಟಿಲ್ಲ. ಮಾನಸಾರ ಮಯಮತಗಳಲ್ಲಿ ಮರಗಳ ಜೋಡಣೆಯ ಪ್ರಕರಣಕ್ಕೆ ಸಂಧಿಕರ್ಮವೆಂದೇ ಹೆಸರು. ವ್ಯಾಕರಣವನ್ನು ಹೇಳಿಕೊಟ್ಟು ಮುದುಕರಾದ ನಮಗೆ ಇದು ಸಂತೋಷದ ಮಾತು. ಆದರೆ ಕನ್ನಡದ ಲೋಪಸಂಧಿಯಲ್ಲಿ ಹಿಂದಣ ಸ್ವರವೊಂದೇ ಸ್ಥಾನ ಬಿಡುವುದು. ಇಲ್ಲಿ ಇಬ್ಬರೂ ಅರ್ಧರ್ಧ ಬಿಡುವರು.

ಕಚ್ಚಿನ ಅಗಲವನ್ನು ಅಳತೆಪಟ್ಟಿಯಿಂದ ಗುರುತಿಸಬಾರದು. ಅಲ್ಲಿ ಕೂಡಬೇಕಾದ ಹಲಗೆಯನ್ನೇ ಇಟ್ಟು, ಮೊನಚಾದ ಚಾಕುವಿನಿಂದ ಎರಡು ಪಕ್ಕಕ್ಕೂ ಗೀರಬೇಕು. ಸೀಸದ ಕಡ್ಡಿಯ ಗೆರೆಗೆ ದಪ್ಪವುಂಟು, ಚಾಕುವಿನ ಗೀರಿಗಿಲ್ಲ. ಮೂರು ಉದ್ದಹಲಗೆಗಳನ್ನೂ ಒಟ್ಟಿಗೆ ಬಿಗಿದು ಒಂದೇ ಸಲ ಗುರುತು ಹಾಕಿದರೆ ಅಡ್ಡಹಲಗೆಯು ಸೊಟ್ಟಗಾಗದು. ಗರಗಸವು ಗೀರಿನ ಒಳಬದಿಯಲ್ಲಿ, ಎಂದರೆ ತೆಗೆದುಹಾಕುವ ಭಾಗದಲ್ಲಿಯೇ ಓಡಬೇಕು. ಉಳಿಯನ್ನು ಅರ್ಧ ಈ ಮುಖದಿಂದ, ಅರ್ಧ ಆ ಮುಖದಿಂದ ಹೊಡೆಯಬೇಕು. ಒಂದೇ ಕಡೆಯಿಂದ ಹೊಡೆದರೆ ಹಿಂಬದಿಯು ಸಿಬಿರೆದ್ದು ಹೋಗುವುದು. ಕೈಯೊತ್ತಿಗೆ ಇಳಿದರೆ ಸರಿ. ಕೊಡತಿಯಿಂದ ಬಡಿಯಬೇಕಾದರೆ ಹಲಗೆ ಸೀಳುವುದು, ತಾನಾಗಿಯೇ ಇಳಿದರೆ ಮುಂದೆ ಗಲಗಲವೆನ್ನುವುದು.

ಹೊರಗಣ ಹಲಗೆಗಳಲ್ಲಿ 4 ಮಿಲಿಮೀಟರು ಆಳದ ಗಾಡಿಗಳನ್ನು ತೋಡಿ ನಡುಹಲಗೆಗಳ ತುದಿಗಳನ್ನು ಮೇಲಿನಿಂದ ಇಳಿಸಬೇಕು. ಅದಕ್ಕಾಗಿ ಒಂದೊಂದು ತುದಿಗೂ ನಾಲ್ಕು ನಾಲ್ಕು ಮಿಲಿಮೀಟರು ಹೆಚ್ಚಿಗೆ ಬಿಟ್ಟು ಕೊಯ್ದಿರಬೇಕು. ನಾವು ಒಂದು ಹಲಗೆಯಲ್ಲಿ ಮರೆತು, ಅದನ್ನು ಒಲೆಗೆ ಕೊಟ್ಟೆವು. ಹೊರಮೂಲೆಗಳಿಗೆ ಪಾರಿವಾಳದ ಬಾಲದಂತೆ ಹಲ್ಲು ಕೊರೆಯುವುದು ಇಲ್ಲಿ ವಿದ್ಯಾಪ್ರದರ್ಶನವೇ ಹೊರತು ಅಗತ್ಯವಲ್ಲ. ಸೆಳೆಖಾನೆಯೇ ನಾಲ್ಕು ಕಡೆಯಿಂದಲೂ ತಡೆದು ನಿಂತಿದೆ. ಮೆಟ್ಟಿಲಿನಂತೆ ಕೊಯ್ದು ಅಂಟು ಹಾಕಿದರೆ ಸಾಕು. ಅಂಟು ಬೇಕಾದುದು ಆ ನಾಲ್ಕು ಮೂಲೆಗಳಿಗೆ ಮಾತ್ರ. ಮೇಲಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಾಗಿಸಿದೆವು. ಚೂರಿಯ ಮನೆಯ ಅಂಚಿನಲ್ಲಿ ಬೆರಳಿಗೆ ತಿಳಿಯುವಂತೆ ಮೂರು ಗೀರುಗಳನ್ನು ಕೊರೆದೆವು.

ಈ ವರ್ಷದ ಆಷಾಢ ಶ್ರಾವಣಗಳೆರಡೂ ಕಳೆದುವು. ಖಾನೆಯು ಸರಾಗವಾಗಿ ಬರುತ್ತಿದೆ. ಅಕ್ಕನವರು ಮೂರು ಗೀರುಗಳ ಮೇಲೆ ಬೆರಳಾಡಿಸಿ, ಚೂರಿಯನ್ನು ಹಿಡಿಯಿಂದಲೇ ತೆಗೆದು ತರಕಾರಿ ಹೆಚ್ಚುತ್ತಾರೆ; ಕಿರಿಯರು ಈಗ ಮಾತಾಡುವುದಿಲ್ಲ. ಮೊದಲ ದಿನ ಮಾತ್ರ ಎಲ್ಲ ಮನೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ, "ಎಲ್ಲಾ ಸರಿ ಮೇಷ್ಟ್ರೇ, ಕಡೆಗೋಲಿಗೆ ಮನೆ ಎಲ್ಲಿ?" ಎಂದರು. ಅಳೆದು ನೋಡಿದೆವು. ಅದು 330ಕ್ಕಿಂತ ಉದ್ದ. ಈಗಲೂ ಗೋಡೆಯ ಗೂಟದಲ್ಲಿಯೇ ತೂಗುತ್ತಿದೆ.