ಯಾವ ಶಿರಾಜ್ ತಗೊಳ್ಳಲಿ, ಅಕ್ಕ?

ಅಡಿಲೇಡ್‌ಗೆ ಕೆಲಸಕ್ಕಂತ ಬಂದಿಳಿಯುವ ನಮ್ಮ ಹುಡುಗ-ಹುಡುಗಿಯರಿಂದ ನನಗೆ ಬರುವ ಮೆಸೇಜ್‌ಗಳಲ್ಲಿ ಮೂರು ಪ್ರಶ್ನೆ ಖಾಯಂ. ಸೋನಾ ಮಸೂರಿ ಎಲ್ಲಿ ಸಿಗತ್ತೆ? ಬಾಡಿಗೆ ಮನೆ ಹುಡುಕೋದು ಹೇಗೆ? ಮೂರನೆಯದು ಬರೋದಕ್ಕೆ ಎರಡು-ಮೂರು ತಿಂಗಳು ಬೇಕು: “ಅಕ್ಕ, ಮ್ಯಾನೇಜರ್ ಮನೆಗೆ ಊಟಕ್ಕೆ ಕರೆದಿದ್ದಾರೆ. ಒಂದು ಬಾಟಲಿ ವೈನ್ ತಗೊಂಡು ಹೋಗ್ಬೇಕಂತೆ. ಅಂಗಡೀಲಿ ನಿಂತಿದೀನಿ. ಗೋಡೆ ತುಂಬಾ ಶಿರಾಜ್ ಇದೆ. ಯಾವುದು ತಗೊಳ್ಳಲಿ?”

ಕೇಳುವವರಲ್ಲಿ ಅರ್ಧ ಜನ ಕುಡಿಯೋದೇ ಇಲ್ಲ. ಆದರೂ ಬರಿಗೈಲಿ ಹೋಗೋಕಾಗಲ್ಲ, ನಮ್ಮ ಕಡೆ ಹಣ್ಣು-ಹೂವು ಹಿಡಿದುಕೊಂಡು ಹೋಗ್ತೀವಲ್ಲ ಹಾಗೆ. ಒಬ್ಬೊಬ್ಬರಿಗೂ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿದೆ. ಈ ಸಲದ ಅಂಕಣದಲ್ಲಿ ಒಂದೇ ಸಲ ಬರೆದುಬಿಡ್ತೀನಿ.

ನನ್ನ ಮೊದಲ ಸಲಹೆ: ಇಡೀ ಗೋಡೆ ನೋಡಬೇಡಿ. ಒಂದೇ ಸೀಮೆ ಹಿಡಿಯಿರಿ. ಅಡಿಲೇಡ್‌ನಿಂದ ಕಾರಲ್ಲಿ ಒಂದು ಗಂಟೆ ಈಶಾನ್ಯಕ್ಕೆ ಹೋದರೆ ಬರೋಸಾ. ಶಿರಾಜ್ ಅಂದ್ರೆ ಬರೋಸಾ ಅನ್ನುವಷ್ಟು ಹೆಸರು. ಈ ಒಂದು ಸೀಮೆಯ ಕೆಂಪು ವೈನ್ ಅರ್ಥವಾದರೆ ಉಳಿದದ್ದನ್ನ ಇದಕ್ಕೆ ಹೋಲಿಸಿ ನೋಡಬಹುದು.

ಲೇಬಲ್ ಹೇಳುವ ಸತ್ಯ

ಮುಂದಿನ ಚಿತ್ರ, ಚಿನ್ನದ ಅಕ್ಷರ, ಪದಕದ ಸ್ಟಿಕ್ಕರ್ ಇದನ್ನೆಲ್ಲ ಬಿಡಿ. ಊರಿನ ಹೆಸರು ಹುಡುಕಿ. ಆಸ್ಟ್ರೇಲಿಯಾದ ಕಾನೂನಿನಲ್ಲಿ ಲೇಬಲ್ ಮೇಲೆ ಒಂದು ಸೀಮೆಯ ಹೆಸರು ಹಾಕಿದರೆ ಕನಿಷ್ಠ 85% ದ್ರಾಕ್ಷಿ ಅಲ್ಲಿಂದಲೇ ಬಂದಿರಬೇಕು. ತಳಿಯ ಹೆಸರಿಗೂ, ವರ್ಷಕ್ಕೂ ಇದೇ 85%.

‘ಸೌತ್ ಈಸ್ಟರ್ನ್ ಆಸ್ಟ್ರೇಲಿಯಾ’ ಅಂತ ಬರೆದಿದ್ದರೆ ಅದು ಊರಲ್ಲ, ಹಲವು ರಾಜ್ಯಗಳನ್ನ ಬಳಸಿಕೊಂಡ ದೊಡ್ಡ ಬಲೆ. ಎಲ್ಲಿಂದ ಬೇಕಾದರೂ ದ್ರಾಕ್ಷಿ ಬಂದಿರಬಹುದು. ಜೇಕಬ್ಸ್ ಕ್ರೀಕ್ ಅನ್ನೋದು ಬರೋಸಾದಲ್ಲಿ ನಿಜವಾಗಿಯೂ ಇರುವ ಹಳ್ಳ. ಆದರೆ ಆ ಹೆಸರಿನ ಅಗ್ಗದ ಬಾಟಲಿಗಳ ಮೇಲೆ ಬರೋಸಾ ಅಂತ ಇರೋದಿಲ್ಲ. ಬ್ರ್ಯಾಂಡ್ ಹೆಸರೇ ಬೇರೆ, ಸೀಮೆಯ ಹೆಸರೇ ಬೇರೆ.

ಹಾಗಂತ ಬೆರೆಸಿದ್ದೆಲ್ಲ ಕಳಪೆ ಅಂತಲ್ಲ. ಈ ದೇಶದ ಅತಿ ಪ್ರಸಿದ್ಧ ಶಿರಾಜ್, ಪೆನ್‌ಫೋಲ್ಡ್ಸ್‌ನ ಗ್ರೇಂಜ್, ಹಲವು ಸೀಮೆಗಳ ದ್ರಾಕ್ಷಿ ಸೇರಿಸಿ ಮಾಡುವಂಥದ್ದು. ಮ್ಯಾಕ್ಸ್ ಶುಬರ್ಟ್ 1951ರಲ್ಲಿ ಪ್ರಯೋಗಕ್ಕೆ ಶುರು ಮಾಡಿದರು. 1957ರಲ್ಲಿ ಕಂಪನಿಯೇ “ನಿಲ್ಲಿಸಿ” ಅಂದಾಗ ಮೂರು ವರ್ಷ ಗುಟ್ಟಾಗಿ ಮಾಡಿದರು. ಒಳ್ಳೆ ಕಥೆ. ಬೆಲೆ ಮಾತ್ರ ನಮ್ಮ ಕೈಗೆ ಎಟುಕಲ್ಲ.

ಬರೋಸಾದಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಬರೀ ‘ಬರೋಸಾ’ ಅಂತಿದ್ದರೆ ಎರಡು ಭಾಗ ಸೇರಿದ ಹೆಸರು ಅದು: ಕೆಳಗಿನ ಬರೋಸಾ ವ್ಯಾಲಿ, ಮೇಲಿನ ಗುಡ್ಡಗಳ ಈಡನ್ ವ್ಯಾಲಿ. ಕೆಳಗೆ ಬಿಸಿಲು ಜಾಸ್ತಿ. ಅಲ್ಲಿಯ ಶಿರಾಜ್ ಗಟ್ಟಿ, ಕಪ್ಪು ಹಣ್ಣಿನ ರುಚಿ, ಚಾಕೊಲೇಟ್ ನೆನಪಾಗುವ ಮಂದ. ಈಡನ್ ವ್ಯಾಲಿ 400-500 ಮೀಟರ್ ಎತ್ತರದಲ್ಲಿದೆ, ರಾತ್ರಿ ತಂಪು. ಅಲ್ಲಿಯದು ಸ್ವಲ್ಪ ತೆಳು, ಹುಳಿ ಚುರುಕು, ಕಾಳುಮೆಣಸಿನ ಘಮ.

ಕಾಳುಮೆಣಸು ಅಂದದ್ದು ಬಾಯಿಮಾತಿಗಲ್ಲ. ಶಿರಾಜ್‌ನಲ್ಲಿ ಆ ಘಮಕ್ಕೆ ಕಾರಣ ರೋಟಂಡೋನ್ ಅನ್ನುವ ರಾಸಾಯನಿಕ ಅಂತ 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದರು. ನಮ್ಮ ಮಲೆನಾಡಿನ ಕಾಳುಮೆಣಸಿನಲ್ಲಿ ಇರೋದೂ ಅದೇ. ತಂಪು ಜಾಗದ ದ್ರಾಕ್ಷಿಯಲ್ಲಿ ಅದು ಹೆಚ್ಚು. ಇನ್ನು ಶಿರಾಜ್ ಅನ್ನೋ ಹೆಸರು ಕೇಳಿ ಇರಾನಿನ ಊರಿಂದ ಬಂದಿದ್ದು ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ. ಫ್ರಾನ್ಸಿನ ಸಿರಾ ಮತ್ತು ಶಿರಾಜ್ ಎರಡೂ ಒಂದೇ ತಳಿ. ಅದರ ತಂದೆ-ತಾಯಿ ಎರಡೂ ಫ್ರಾನ್ಸಿನವೇ ಅಂತ ಡಿಎನ್‌ಎ ಪರೀಕ್ಷೆ ಹೇಳಿಯಾಗಿದೆ.

ಶಿರಾಜ್ ಒಂದೇ ಅಲ್ಲ

ಬರೋಸಾ ಅಂದ ಕೂಡಲೇ ಎಲ್ಲರೂ ಶಿರಾಜ್ ಎತ್ಕೋತಾರೆ. ನಾನು ಹೊಸಬರಿಗೆ ಹೇಳೋದು ಗ್ರೆನಾಶ್ ನೋಡಿ ಅಂತ. ಬಣ್ಣ ತೆಳು, ಸ್ಟ್ರಾಬೆರಿ-ರಾಸ್ಪ್‌ಬೆರಿ ಥರದ ಹಣ್ಣಿನ ಘಮ, ಒಗರು ಕಡಿಮೆ. ಮೊದಲ ಸಲ ಕೆಂಪು ವೈನ್ ಕುಡಿಯುವವರಿಗೆ ಬಾಯಿ ಕಟ್ಟಲ್ಲ.

ಮಟಾರೊ ಅಂತ ಇನ್ನೊಂದಿದೆ, ಫ್ರೆಂಚರು ಮೂರ್ವೆದ್ರ ಅಂತಾರೆ. ಒರಟು, ಒಗರು, ಮಣ್ಣಿನ ವಾಸನೆ. ಒಂಟಿಯಾಗಿ ಕುಡಿಯುವವರು ಕಡಿಮೆ. ಗ್ರೆನಾಶ್, ಶಿರಾಜ್, ಮಟಾರೊ ಮೂರನ್ನೂ ಸೇರಿಸಿದರೆ ‘ಜಿಎಸ್‌ಎಂ’. ಲೇಬಲ್ ಮೇಲೆ ಮೊದಲು ಬರುವ ಹೆಸರೇ ಅದರಲ್ಲಿ ಹೆಚ್ಚು ಇರೋದು, ಇದೂ ಕಾನೂನೇ. ಊಟದ ಮೇಜಿಗೆ ಯಾರಿಗೆ ಏನು ಇಷ್ಟ ಅಂತ ಗೊತ್ತಿಲ್ಲದಾಗ ಜಿಎಸ್‌ಎಂ ಅತ್ಯಂತ ಸೇಫ್.

ಕ್ಯಾಬರ್ನೆ ಸೋವಿನ್ಯೋನ್ ಬೇಕಿದ್ದರೆ ಈಡನ್ ವ್ಯಾಲಿ ಕಡೆಯದು ನೋಡಿ, ತಂಪು ಅದಕ್ಕೆ ಒಗ್ಗುತ್ತೆ. ಕ್ಯಾಬರ್ನೆ-ಶಿರಾಜ್ ಬೆರಕೆ ಆಸ್ಟ್ರೇಲಿಯಾದವರ ಹಳೇ ರೂಢಿ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್‌ನವರ ‘ಲಾ ರಿಸರ್ವ್’ ಬೆಂಗಳೂರಲ್ಲಿ ಕುಡಿದಿದ್ದರೆ ಈ ಜೋಡಿಯ ರುಚಿ ನಿಮಗೆ ಆಗಲೇ ಗೊತ್ತು.

ನಮ್ಮ ಅಡುಗೆ ಜೊತೆ

ಟನುಂಡಾ ಊರಿನ ಒಂದು ಸಣ್ಣ ವೈನರಿಗೆ ಮೊದಲ ಸಲ ಹೋಗಿದ್ದಾಗ ಗಾಜಿನ ಲೋಟ ಜೋಡಿಸುತ್ತಿದ್ದ ಅಜ್ಜಿ, ನಿನಗೆ ಎಂಥ ವೈನ್ ಇಷ್ಟ ಅಂತ ಕೇಳಲಿಲ್ಲ. “ನಿಮ್ಮ ಮನೇಲಿ ರಾತ್ರಿ ಏನು ಊಟ?” ಅಂದರು. ಎಣ್ಣೆಗಾಯಿ, ಚಪಾತಿ ಅಂದೆ. ಎಣ್ಣೆಗಾಯಿ ಅಂದ್ರೇನು ಅಂತ ವಿವರಿಸೋಕೆ ಐದು ನಿಮಿಷ ಹಿಡೀತು. ಕೇಳಿಸಿಕೊಂಡು ಶಿರಾಜ್ ಪಕ್ಕಕ್ಕಿಟ್ಟು ಗ್ರೆನಾಶ್ ಸುರಿದರು.

ಕಾರಣ ಸರಳ. ಒಣಮೆಣಸಿನ ಖಾರಕ್ಕೆ ಆಲ್ಕೋಹಾಲ್ ಸೇರಿದರೆ ಬಾಯಿ ಇನ್ನೂ ಉರಿಯುತ್ತೆ. ಒಗರು, ಓಕ್ ಪೀಪಾಯಿಯ ಕಹಿ ಎಲ್ಲ ಎದ್ದು ಕಾಣುತ್ತೆ. ಬ್ಯಾಡಗಿ ಖಾರ, ಹುಣಸೆಹುಳಿ ಇರುವ ಅಡುಗೆಗೆ ಪೀಪಾಯಿ ವಾಸನೆ ಹೊಡೆಯದ ಗ್ರೆನಾಶ್ ಸರಿ. ಕಾಳುಮೆಣಸಿನ ಅಡುಗೆ, ಅಂದ್ರೆ ಮಟನ್ ಪೆಪ್ಪರ್ ಫ್ರೈ, ಕೊಡಗಿನ ಪಂದಿ ಕರಿ, ಮಾಂಸ ತಿನ್ನದವರಿಗೆ ಮೆಣಸು ಹಾಕಿ ಹುರಿದ ಅಣಬೆ, ಇವಕ್ಕೆ ಶಿರಾಜ್ ಧೈರ್ಯವಾಗಿ ಇಡಿ. ತಿಳಿಸಾರು, ಮಜ್ಜಿಗೆಹುಳಿ ಜೊತೆಗೆ ಯಾವ ಕೆಂಪು ವೈನೂ ಬೇಡ. ಪಾಪ, ಎರಡೂ ಹಾಳಾಗುತ್ತವೆ.

ಸಸ್ಯಾಹಾರಿಗಳಿಗೆ ಒಂದು ಮಾತು. ವೈನ್ ತಿಳಿಯಾಗಲಿ, ಒಗರು ಇಳಿಯಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಜೆಲಟಿನ್, ಹಾಲಿನ ಪ್ರೋಟೀನ್, ಮೀನಿನ ಅಂಟು ಬಳಸ್ತಾರೆ. ಆಮೇಲೆ ಸೋಸಿ ತೆಗೀತಾರೆ, ಆದರೆ ಬಳಸಿದ್ದು ಬಳಸಿದ್ದೇ. ನಿಮಗೆ ಇದು ಮುಖ್ಯವಾದರೆ ಹಿಂದಿನ ಲೇಬಲ್‌ನಲ್ಲಿ ‘ವೀಗನ್’ ಅಂತಿದೆಯಾ ನೋಡಿ. ಈಗೀಗ ಬೇಕಾದಷ್ಟು ಸಿಗತ್ವೆ.

ಬಡಿಸುವಾಗ: ಇಲ್ಲಿಯ ಬೇಸಿಗೆ 40 ಡಿಗ್ರಿ ಮುಟ್ಟುತ್ತೆ. ಕೆಂಪು ವೈನ್ ರೂಮಿನ ಬಿಸಿಗೇ ಇರಲಿ ಅನ್ನೋ ಮಾತು ಯುರೋಪಿನ ತಣ್ಣಗಿನ ಮನೆಗಳಿಗೆ. ಕುಡಿಯುವ ಮುಂಚೆ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. 16-18 ಡಿಗ್ರಿಗೆ ಬಂದರೆ ಸಾಕು. ತಿರುಪಿನ ಮುಚ್ಚಳ ಕಂಡು ಅಗ್ಗದ್ದು ಅಂದುಕೊಳ್ಳಬೇಡಿ, ಇಲ್ಲಿ ದುಬಾರಿ ವೈನಿಗೂ ಅದೇ ಮುಚ್ಚಳ.

ಅಮ್ಮನ ಪ್ರಶ್ನೆ

ಅಮ್ಮ ಇಲ್ಲಿಗೆ ಬಂದಿದ್ದಾಗ ಅಡುಗೆಮನೆ ಶೆಲ್ಫಿನಲ್ಲಿದ್ದ ಎರಡು ಬಾಟಲಿ ನೋಡಿ ಅರ್ಧ ದಿನ ಏನೂ ಮಾತಾಡಲಿಲ್ಲ. ಸಂಜೆ ಕೇಳಿದರು, “ಹೆಸರು ಏನೇ ಇರಲಿ ಕಣೇ, ಇದೂ ಕುಡಿತಾನೇ ಅಲ್ವಾ?”

ನಮ್ಮ ದೊಡ್ಡಮಾವ ಹೋಗಿದ್ದು ಕುಡಿತದಿಂದ. ಅತ್ತೆ ಬಳೆ ಅಡವಿಟ್ಟು ಮಕ್ಕಳನ್ನ ಓದಿಸಿದ್ದನ್ನ ನೋಡಿಕೊಂಡೇ ನಾನು ಬೆಳೆದಿದ್ದು. ಹಾಗಾಗಿ ‘ವೈನ್ ಅಂದ್ರೆ ಸಂಸ್ಕೃತಿ, ಅದು ಬೇರೆ’ ಅಂತ ಅಮ್ಮನಿಗೆ ಹೇಳೋಕೆ ನನ್ನ ಬಾಯಿ ಬರಲಿಲ್ಲ. ಹೌದಮ್ಮ, ಅದೇ ಆಲ್ಕೋಹಾಲ್ ಅಂದೆ. ಬಾಟಲಿ ತಿರುಗಿಸಿ ಅಲ್ಲಿದ್ದ ಒಂದು ಅಂಕಿ ತೋರಿಸಿದೆ.

ಆಸ್ಟ್ರೇಲಿಯಾದಲ್ಲಿ ಪ್ರತಿ ಬಾಟಲಿ ಮೇಲೂ ಎಷ್ಟು ‘ಸ್ಟ್ಯಾಂಡರ್ಡ್ ಡ್ರಿಂಕ್ಸ್’ ಅಂತ ಹಾಕಲೇಬೇಕು. ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದ್ರೆ 10 ಗ್ರಾಂ ಆಲ್ಕೋಹಾಲ್. ಬರೋಸಾದ ಶಿರಾಜ್ ಸಾಮಾನ್ಯವಾಗಿ 14ರಿಂದ 15%. 14.5% ಇರುವ 750 ಮಿಲಿ ಬಾಟಲಿಯಲ್ಲಿ ಸುಮಾರು 8.6 ಸ್ಟ್ಯಾಂಡರ್ಡ್ ಡ್ರಿಂಕ್ ಇರುತ್ತೆ. ಹೋಟೆಲಿನಲ್ಲಿ ಕೊಡುವ 150 ಮಿಲಿ ಲೋಟ ಒಂದಲ್ಲ, 1.7. ಆರೋಗ್ಯವಂತರೂ ವಾರಕ್ಕೆ 10, ಒಂದು ದಿನಕ್ಕೆ 4 ದಾಟಬಾರದು ಅಂತ 2020ರಲ್ಲಿ ಇಲ್ಲಿಯ ಸರ್ಕಾರಿ ಮಾರ್ಗಸೂಚಿ ಹೇಳಿತು. ಅಂದ್ರೆ ವಾರಕ್ಕೆ ಒಂದು ಬಾಟಲಿ ಒಬ್ಬರೇ ಮುಗಿಸಿದರೆ ಅಂಚಿಗೆ ಬಂದ ಹಾಗೆ. ಬಸುರಿಯರಿಗೆ ಸೊನ್ನೆ. ಗಾಡಿ ಓಡಿಸೋರು ಲೋಟ ಮುಟ್ಟದಿರೋದೇ ಲೇಸು.

ಅಮ್ಮ ಆ ಅಂಕಿ ನೋಡಿ ಒಪ್ಪಿದರು ಅಂತಲ್ಲ. “ಎಣಿಸ್ಕೊಂಡು ಕುಡೀತೀಯಲ್ಲ, ಅಷ್ಟಾದ್ರೂ ಇದೆ” ಅಂದರು. ನನಗೂ ಅಷ್ಟೇ ಬೇಕಿತ್ತು. ನೀವು ಕುಡಿಯೋದಿಲ್ಲ ಅಂದ್ರೆ ಆಫೀಸಿನವರಿಗೆ ನೇರವಾಗಿ ಹೇಳಿ, ಯಾರೂ ಒತ್ತಾಯ ಮಾಡಲ್ಲ. ಬಾಟಲಿ ಅವರಿಗೆ ಉಡುಗೊರೆ, ನಿಮಗೆ ಪರೀಕ್ಷೆ ಅಲ್ಲ.

ಹಳೇ ಬಳ್ಳಿಯ ಬೆಲೆ

ಅಂಗಡಿಯಲ್ಲಿ ‘ಓಲ್ಡ್ ವೈನ್’ ಅಂತ ಬರೆದ ಬಾಟಲಿಗೆ ಹತ್ತಿಪ್ಪತ್ತು ಡಾಲರ್ ಜಾಸ್ತಿ ಇರುತ್ತೆ. ಕೊಡಬಹುದಾ? ಈ ಸೀಮೆಯಲ್ಲಿ ಆ ಮಾತಿಗೆ ಆಧಾರ ಇದೆ. 1842ರಿಂದ ಸಿಲೇಸಿಯಾ ಕಡೆಯ ಲೂಥರನ್ ರೈತರು ಬಂದು ನೆಲೆಸಿದ ಜಾಗ ಇದು. ಲ್ಯಾಂಗ್‌ಮೈಲ್ ಅನ್ನುವಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿ ಇವತ್ತಿಗೂ ಕಾಯಿ ಬಿಡುತ್ತಿದೆ. ಯುರೋಪಿನ ತೋಟಗಳನ್ನ ಫಿಲಾಕ್ಸೆರಾ ಅನ್ನುವ ಬೇರಿನ ಹೇನು ತಿಂದುಹಾಕಿತು, ಪಕ್ಕದ ವಿಕ್ಟೋರಿಯಾಕ್ಕೂ ಬಂತು. ದಕ್ಷಿಣ ಆಸ್ಟ್ರೇಲಿಯಾ ಗಡಿಯಲ್ಲಿ ಬಿಗಿ ಮಾಡಿ ತಡೆಯಿತು. ಅದಕ್ಕೇ ಅಜ್ಜ-ಮುತ್ತಜ್ಜನ ಕಾಲದ ಬಳ್ಳಿ ಸ್ವಂತ ಬೇರಿನ ಮೇಲೆ ನಿಂತಿರೋದು.

2009ರಲ್ಲಿ ಬರೋಸಾದವರು ವಯಸ್ಸಿಗೆ ಲೆಕ್ಕ ಇಟ್ಟರು: 35 ವರ್ಷ ದಾಟಿದರೆ ‘ಓಲ್ಡ್’, 70ಕ್ಕೆ ‘ಸರ್ವೈವರ್’, 100ಕ್ಕೆ ‘ಸೆಂಟಿನೇರಿಯನ್’, 125ಕ್ಕೆ ‘ಆನ್ಸೆಸ್ಟರ್’. ಈ ನಾಲ್ಕರಲ್ಲಿ ಯಾವುದು ಅಂತ ಬರೆದಿದ್ದರೆ ಆ ಹೆಚ್ಚಿನ ದುಡ್ಡಿಗೆ ಅರ್ಥ ಇದೆ. ಬರೀ ‘ಓಲ್ಡ್’ ಅಂತ ದೊಡ್ಡ ಅಕ್ಷರದಲ್ಲಿದ್ದು, ನೆಟ್ಟ ವರ್ಷವೂ ಇಲ್ಲ, ತೋಟದ ಹೆಸರೂ ಇಲ್ಲ ಅಂದ್ರೆ ನಾನು ಬಿಟ್ಟುಬಿಡ್ತೀನಿ.

ಹಳೇ ಬಳ್ಳಿ ಉಳಿದದ್ದು ತಾನಾಗಿ ಅಲ್ಲ. 1980ರ ದಶಕದಲ್ಲಿ ಕೆಂಪು ದ್ರಾಕ್ಷಿ ಯಾರಿಗೂ ಬೇಡವಾದಾಗ ಬಳ್ಳಿ ಕೀಳೋಕೆ ಸರ್ಕಾರವೇ ರೈತರಿಗೆ ದುಡ್ಡು ಕೊಟ್ಟಿತು. ಎಷ್ಟೋ ಹಳೇ ಶಿರಾಜ್ ಹಾಗೇ ಹೋಯಿತು. ಅದಕ್ಕೆ ಸ್ವಲ್ಪ ಮುಂಚೆ, ಪೀಟರ್ ಲೀಮನ್ ಅನ್ನುವ ವೈನ್ ತಯಾರಕರಿಗೆ ಅವರ ಕಂಪನಿ ರೈತರಿಂದ ದ್ರಾಕ್ಷಿ ಕೊಳ್ಳಬೇಡಿ ಅಂದಿತು. ಕೊಳ್ಳುತ್ತೇನೆ ಅಂತ ಅವರು ಬಾಯಲ್ಲೇ ಮಾತು ಕೊಟ್ಟಾಗಿತ್ತು. ಆ ಮಾತು ಉಳಿಸಿಕೊಳ್ಳೋಕೆ ಅಂತಲೇ ಬೇರೆ ಸಂಸ್ಥೆ ಕಟ್ಟಿದರು.

ಟೊಮೆಟೊ ರಸ್ತೆಗೆ ಸುರಿಯೋದನ್ನ ಕೋಲಾರದಲ್ಲಿ ನೋಡಿದವರಿಗೆ ಇದು ಹೊಸದಲ್ಲ. ಇತ್ತೀಚೆಗೂ ಹೀಗಾಯಿತು. 2020ರ ಕೊನೆಯಲ್ಲಿ ಚೀನಾ ಆಸ್ಟ್ರೇಲಿಯಾದ ವೈನಿಗೆ ಭಾರೀ ಸುಂಕ ಹಾಕಿತು. ತೆಗೆದದ್ದು 2024ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಕೆಂಪು ವೈನ್ ಟ್ಯಾಂಕುಗಳಲ್ಲಿ ತುಂಬಿ, ದ್ರಾಕ್ಷಿ ಬೆಲೆ ಇಳಿದು, ರೈತರು ಮತ್ತೆ ಬಳ್ಳಿ ಕೀಳುವ ಲೆಕ್ಕ ಹಾಕುವಂತಾಯಿತು. ಅದಕ್ಕೇ ನಾನು ಸೀಮೆಯ ಹೆಸರು, ಸಾಧ್ಯವಾದರೆ ತೋಟದ ಹೆಸರು ಇರುವ ಬಾಟಲಿ ಆರಿಸಿ ಅನ್ನೋದು. ಎಲ್ಲಿಂದ ಬಂತು ಅಂತ ಹೇಳದ ಬಾಟಲಿಗೆ ಯಾವ ತೋಟದ ದ್ರಾಕ್ಷಿಯಾದರೂ ಆಗುತ್ತೆ, ಎಲ್ಲಿ ಅಗ್ಗವೋ ಅಲ್ಲಿಂದ ತರ್ತಾರೆ. ಊರಿನ ಹೆಸರು ಹೊತ್ತ ಬಾಟಲಿಗೆ ಆ ಊರಿನ ಬಳ್ಳಿಯೇ ಬೇಕು.

ಈಗ ಅಂಗಡಿಯಲ್ಲಿ ನಿಂತಿರುವವರಿಗೆ

ಮ್ಯಾನೇಜರ್ ಮನೆಗೆ: ‘ಬರೋಸಾ ವ್ಯಾಲಿ’ ಅಂತ ಬರೆದ ಶಿರಾಜ್ ಅಥವಾ ಜಿಎಸ್‌ಎಂ, 25-30 ಡಾಲರ್. ಅದಕ್ಕಿಂತ ಹೆಚ್ಚು ಬೇಡ, ಅವರಿಗೇ ಮುಜುಗರ.

ನಿಮ್ಮ ಮನೆ ಊಟಕ್ಕೆ: ಗ್ರೆನಾಶ್, ಇತ್ತೀಚಿನ ವರ್ಷದ್ದು.

ವರ್ಷಗಟ್ಟಲೆ ಎತ್ತಿಡೋಕೆ, ಮದುವೆ ವಾರ್ಷಿಕೋತ್ಸವಕ್ಕೆ: ಈಡನ್ ವ್ಯಾಲಿ ಶಿರಾಜ್ ಅಥವಾ ಕ್ಯಾಬರ್ನೆ. ಕತ್ತಲಲ್ಲಿ, ತಂಪಲ್ಲಿ ಇಡಿ. ಒಲೆ ಮೇಲಿನ ಕಪಾಟಿನಲ್ಲಿ ಬೇಡ.

ಊರಿಗೆ ತಗೊಂಡು ಹೋಗೋಕೆ: ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ್ದು ಒಬ್ಬರಿಗೆ 2 ಲೀಟರ್, ಅಂದ್ರೆ 750 ಮಿಲಿಯ ಎರಡು ಬಾಟಲಿ. ಬೆಂಗಳೂರಿನ ಅಂಗಡಿಯಲ್ಲೂ ಆಸ್ಟ್ರೇಲಿಯಾ ವೈನ್ ಸಿಗತ್ತೆ. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಎರಡು ದೇಶಗಳ ಒಪ್ಪಂದದಿಂದ ಆಮದು ಸುಂಕ ವರ್ಷವರ್ಷ ಇಳೀತಾ ಇದೆ, ಆದರೂ ಇಲ್ಲಿಯ ಬೆಲೆಗೆ ಸಿಗಲ್ಲ.

ಬಾಟಲಿಯನ್ನ ಸೂಟ್‌ಕೇಸಿನ ನಡುಮಧ್ಯೆ, ದಪ್ಪ ಟವೆಲ್‌ನಲ್ಲಿ ಸುತ್ತಿ, ಅದರ ಮೇಲೊಂದು ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಕಟ್ಟಿ. ಪಕ್ಕದಲ್ಲಿ ಅತ್ತೆಗೆ ತಗೊಂಡ ಸೀರೆ ಮಾತ್ರ ಇಡಬೇಡಿ.