ನಲವತ್ತರ ಗೆರೆ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಯಾವುದಾದರೂ ಸಣ್ಣ ಕಾರ್ಖಾನೆಯನ್ನು ಹೊಕ್ಕು ನೋಡಿದರೆ ಲೇತಿನ ಪಕ್ಕದಲ್ಲಿ ಎಣ್ಣೆಗೈಗಳಿಂದ ಮಾಸಿದ ನಕ್ಷೆಯೊಂದು ತೂಗುತ್ತಿರುವುದು ಕಾಣುತ್ತದೆ. ಅದರಲ್ಲಿ ಬರಿಯ 25 ಮಿಲಿಮೀಟರ್ ಎಂದು ಬರೆದಿರುವುದಿಲ್ಲ. ಪಕ್ಕದಲ್ಲಿಯೇ, ಹೆಚ್ಚು ಅಥವಾ ಕಡಮೆ 0.02 ಎಂದಿರುತ್ತದೆ. ಈ ಸಣ್ಣ ಅಂಕಿಯನ್ನು ಕೆಲಸಗಾರರು ಟಾಲರೆನ್ಸ್ ಎನ್ನುತ್ತಾರೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಟಾಲರೆನ್ಸ್ ಬೇರೆ, ಅಳತೆಯ ದೋಷ ಬೇರೆ. ಆದರೆ ಯಾವ ಕೈಯೂ ಯಾವ ಯಂತ್ರವೂ ಕರಾರುವಾಕ್ಕಾಗಿ 25ಕ್ಕೆ ನಿಲ್ಲಲಾರದೆಂಬ ಅರಿವು ಎರಡಕ್ಕೂ ಮೂಲ.

ಇಂಥ ಲೇತೊಂದನ್ನು ಬಹುಕಾಲದಿಂದ ನಡೆಸುತ್ತಿರುವ, ರಾಯಚೂರಿನ ಕಡೆಯಿಂದ ಬಂದು ನೆಲೆಸಿದ ಒಬ್ಬರನ್ನು ನಾವು ಬಲ್ಲೆವು. 2022ರಲ್ಲಿ ಅವರ ಮಗನಿಗೆ ಒಂಬತ್ತು ವರ್ಷ. ಮಾತು ತಡವಾಗಿ ಬಂದಿತ್ತು. ಮೂರನೆಯ ತರಗತಿಯಲ್ಲಿ ಕುಳಿತಿದ್ದರೂ ಕಾಗುಣಿತ ಹತ್ತಿರಲಿಲ್ಲ. ಹತ್ತು ರೂಪಾಯಿಗೆ ಚಿಲ್ಲರೆ ಎಣಿಸಲಾರದವನಾಗಿದ್ದ. ಶಾಲೆಯವರ ಮಾತಿನಂತೆ ತಂದೆ ವಿಕಲಚೇತನರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರು. ನಾಲ್ಕು ಸಲ ರಜೆ ಹಾಕಿ, ನಾಲ್ಕು ದಿನಗಳ ಸಂಬಳ ಕಳೆದುಕೊಂಡ ಮೇಲೆ ಬಂದ ಕಾಗದದಲ್ಲಿ ಶೇಕಡಾ 25 ಎಂದಿತ್ತು. ಅದನ್ನು ನಮ್ಮ ಮುಂದೆ ಹಿಡಿದು ಅವರು ಕೇಳಿದ್ದು ಒಂದೇ ಮಾತು: “ಇದರ ಪ್ಲಸ್ ಮೈನಸ್ ಎಷ್ಟ್ರಿ ಸರ?”

ವಿಜ್ಞಾನವನ್ನು ಓದುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯಿದೆ ಈ ಪಟ್ಟಿಯನ್ನು 21ಕ್ಕೆ ಏರಿಸಿ, ಬೌದ್ಧಿಕ ವೈಕಲ್ಯದ ಜೊತೆಗೆ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ಸೇರಿಸಿಕೊಂಡಿತು. ಇದು ದೊಡ್ಡ ಮುನ್ನಡೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಯಿದೆಯ ಫಲಗಳಲ್ಲಿ ಮುಖ್ಯವಾದವು ದೊರೆಯುವುದು ವೈಕಲ್ಯ ಶೇಕಡಾ 40ಕ್ಕೆ ಕಡಮೆಯಿಲ್ಲವೆಂದು ಪ್ರಮಾಣಿತವಾದವರಿಗೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಉನ್ನತ ಶಿಕ್ಷಣದಲ್ಲಿ ಶೇಕಡಾ 5, ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಾತಿ ಎಲ್ಲವೂ ಈ ಗೆರೆಯ ಆಚೆಗಿವೆ. ನಾಡಕಚೇರಿಯಲ್ಲಿ ಮಾಸಾಶನ ಕೇಳುವವರಿಗೂ, ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ದುಡಿಯುತ್ತ ಮಗುವಿನ ಪೋಷಣೆಗಾಗಿ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೇಳುವ ಎಂಜಿನಿಯರಿಗೂ ಗೆರೆ ಅದೇ. ಎಂಜಿನಿಯರಿಗೆ ಅದರಿಂದ ತಪ್ಪುವುದು ತೆರಿಗೆಯ ಒಂದು ಪಾಲು. ಲೇತಿನವರಿಗೆ ತಪ್ಪುವುದು ಮಗನಿಗೆ ಕಲಿಸಬಲ್ಲ ಶಿಕ್ಷಕರು.

ಇನ್ನು ಈ ಶೇಕಡಾ ಎಲ್ಲಿಂದ ಹುಟ್ಟುತ್ತದೆಂದು ನೋಡೋಣ. ಕೇಂದ್ರ ಸರ್ಕಾರವು 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬೌದ್ಧಿಕ ವೈಕಲ್ಯದ ಪ್ರಮಾಣವನ್ನು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕದಿಂದ ಗೊತ್ತುಮಾಡುತ್ತಿದ್ದರು. ಅಮೆರಿಕದ ಎಡ್ಗರ್ ಡಾಲ್ ಎಂಬ ಮನೋವಿಜ್ಞಾನಿ 1930ರ ದಶಕದಲ್ಲಿ ರಚಿಸಿದ ಈ ಮಾಪಕವನ್ನು ನಮ್ಮ ದೇಶಕ್ಕೆ ಅಳವಡಿಸಿದವರು ಎ. ಜೆ. ಮಾಲಿನ್. ಇದರಲ್ಲಿ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಹೇಳುವವರು ಮಗುವಲ್ಲ, ತಾಯಿ ಅಥವಾ ಮಗುವನ್ನು ಬಲ್ಲ ಇನ್ನೊಬ್ಬರು. ತಾನೇ ಉಣ್ಣುತ್ತಾನೆಯೆ, ಬಟ್ಟೆ ತೊಡುತ್ತಾನೆಯೆ, ನೆರೆಮನೆಗೆ ಒಬ್ಬನೇ ಹೋಗಿ ಬರುತ್ತಾನೆಯೆ, ಹೀಗೆ ಪ್ರಶ್ನೆಗಳು ಸಾಗುತ್ತವೆ. ಅಂಕ 55ರಿಂದ 69ರವರೆಗೆ ಇದ್ದರೆ ವೈಕಲ್ಯ ಶೇಕಡಾ 50. 70ರಿಂದ 84ರವರೆಗೆ ಇದ್ದರೆ ಶೇಕಡಾ 25. ವಾಚಕರು ಇದನ್ನು ಇನ್ನೊಮ್ಮೆ ಓದಿಕೊಳ್ಳಬೇಕೆಂದು ಕೋರುತ್ತೇವೆ. 69 ಬಂದ ಮಗು ಗೆರೆಯ ಒಳಗೆ, 70 ಬಂದ ಮಗು ಹೊರಗೆ. ನಮ್ಮ ಹುಡುಗನಿಗೆ ಬಂದದ್ದು 71.

ಈ 71 ಎಷ್ಟು ಗಟ್ಟಿ? ಬುದ್ಧಿಪರೀಕ್ಷೆಗಳ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಸರಾಸರಿ 100, ಪ್ರಮಾಣ ವಿಚಲನೆ 15. ಪರೀಕ್ಷೆಯ ವಿಶ್ವಾಸಾರ್ಹತೆಯ ಗುಣಕ 0.90 ಎಂದಿಟ್ಟುಕೊಂಡರೆ (ಇದು ಒಳ್ಳೆಯ ಪರೀಕ್ಷೆಗೆ ಸಲ್ಲುವ ಮರ್ಯಾದೆ) ಅಳತೆಯ ಮಾನಕ ದೋಷ, 15ನ್ನು 0.10ರ ವರ್ಗಮೂಲದಿಂದ ಗುಣಿಸಿದಷ್ಟು, ಎಂದರೆ ಸುಮಾರು 4.7. ಹಾಗಾದರೆ 71 ಎಂಬುದನ್ನು 66ರಿಂದ 76ರೊಳಗೆ ಎಲ್ಲಿಯೋ ಎಂದು ಓದಬೇಕು. ಹಾಗೆ ಓದಿದರೂ ಮೂರರಲ್ಲಿ ಒಂದು ಸಲ ತಪ್ಪುವ ಸಂಭವ ಉಂಟು. ತಾಯಿಯ ಹೇಳಿಕೆಯನ್ನು ಅವಲಂಬಿಸುವ ಮಾಪಕ ಇದಕ್ಕಿಂತ ಸೂಕ್ಷ್ಮವಾಗಿರಬಹುದೆಂದು ನಂಬಲು ನಮಗೆ ಕಾರಣ ಕಾಣದು. ಪೀಣ್ಯದ ತಪಾಸಣೆಗಾರ ಇಂಥ ಮೈಕ್ರೊಮೀಟರಿನಿಂದ ಒಂದು ಬೋಲ್ಟನ್ನೂ ತಿರಸ್ಕರಿಸುತ್ತಿರಲಿಲ್ಲ.

ಆ ಹುಡುಗನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ದೊಡ್ಡಾಸ್ಪತ್ರೆಯಲ್ಲಿ ವೈದ್ಯರ ಮುಂದೆ ಮಗನನ್ನು ಹೀಗಳೆಯಲು ತಾಯಿಗೆ ಮನಸ್ಸು ಬಾರದು. “ಎಲ್ಲಾ ತಾನ ಮಾಡ್ಕೋತಾನ್ರಿ” ಎಂದು ಆಕೆ ಅಭಿಮಾನದಿಂದ ಹೇಳಿದಳಂತೆ. ಆಕೆ ಸುಳ್ಳಾಡಲಿಲ್ಲ. ವರ್ಷಗಟ್ಟಲೆ ಕೈಹಿಡಿದು ಕಲಿಸಿದವಳು ತನ್ನ ಶ್ರಮದ ಫಲವನ್ನು ಹೇಳಿಕೊಂಡಳು, ಅಂಕ ಏರಿತು.

ಈ ಹುಡುಗನಿಗೆ ಕಲಿಕಾ ನ್ಯೂನತೆಯ ಬಾಗಿಲಾದರೂ ತೆರೆದಿತ್ತೆ? ಅದೂ ಇಲ್ಲ. ಅದೇ ಮಾರ್ಗಸೂಚಿಯಂತೆ, ಬುದ್ಧಿಲಬ್ಧ 85ನ್ನು ಮೀರಿದ ಮಕ್ಕಳಿಗೆ ಮಾತ್ರ ನಮ್ಮ ನಿಮ್ಹಾನ್ಸ್ ಸಿದ್ಧಪಡಿಸಿದ ಓದು, ಬರಹ, ಲೆಕ್ಕಗಳ ಪರೀಕ್ಷೆಯನ್ನು ಕೊಡಬೇಕಾಗಿತ್ತು. 70ಕ್ಕೂ 85ಕ್ಕೂ ನಡುವೆ ಇರುವವರು ಎರಡು ಬಾಗಿಲುಗಳಿಗೂ ಹೊರಗಾದರು. ಘಂಟಾಕೃತಿಯ ವಕ್ರರೇಖೆಯ ಲೆಕ್ಕದಂತೆ ನೂರರಲ್ಲಿ ಹದಿಮೂರು ಹದಿನಾಲ್ಕು ಮಕ್ಕಳು ಈ ಎಡೆಯಲ್ಲಿ ಬರುತ್ತಾರೆ. ಇವರೆಲ್ಲರಿಗೂ ಪ್ರಮಾಣಪತ್ರ ಬೇಕೆಂದು ನಾವು ವಾದಿಸುತ್ತಿಲ್ಲ. ಬಹುಮಂದಿಗೆ ತಾಳ್ಮೆಯುಳ್ಳ ಉಪಾಧ್ಯಾಯರು ಸಾಕು.

ಈ ಪರೀಕ್ಷೆಗಳ ಜನಕನಾದ ಆಲ್ಫ್ರೆಡ್ ಬಿನೆಯು 1905ರಲ್ಲಿ ಸಿಮೋನನೊಡನೆ ಪ್ಯಾರಿಸಿನಲ್ಲಿ ಮೊದಲ ಮಾಪಕವನ್ನು ರಚಿಸಿದ್ದು ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವು ನೀಡುವುದಕ್ಕಾಗಿ. ಬುದ್ಧಿ ಕೂಡದ, ಕಳೆಯದ ಸ್ಥಿರ ಪರಿಮಾಣವೆಂಬ ಮತವನ್ನು ಆತ ಖಂಡಿಸಿದ್ದ. ಮಗುವಿನ ನುಡಿಯಲ್ಲಿಯೇ ಅಳೆಯಬೇಕೆಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. ವಿ. ವಿ. ಕಾಮತರು ಬಿನೆಯ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಲಿಪಿಯ ಮಾತೂ ಹಾಗೆಯೇ. ಇಂಗ್ಲಿಷ್ ಕಲಿಯುವ ಮಗುವಿನ ಮುಂದೆ 26 ಅಕ್ಷರಗಳಿದ್ದರೆ, ಕಾಗುಣಿತ ಒತ್ತಕ್ಷರಗಳನ್ನು ಸೇರಿಸಿದಾಗ ನಮ್ಮ ಮಗುವಿನ ಮುಂದೆ ನೂರಾರು ಇವೆ. ಕನ್ನಡದ ಅಕ್ಷರಜ್ಞಾನ ಕೈಗೂಡಲು ಮೊದಲ ಕೆಲವು ತರಗತಿಗಳೇ ಬೇಕಾಗುತ್ತವೆಂದು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ತಡವಾದದ್ದು ಮಗುವೋ ಲಿಪಿಯೋ ಎಂಬುದನ್ನು ಇಂಗ್ಲಿಷಿನ ಅಳತೆಗೋಲು ಹೇಳಲಾರದು.

ಸರ್ಕಾರಕ್ಕೆ ಒಂದು ಗೆರೆ ಬೇಕೆಂಬುದನ್ನು ನಾವು ಒಪ್ಪುತ್ತೇವೆ. ಬೊಕ್ಕಸಕ್ಕೆ ಮಿತಿಯುಂಟು. 2024ರಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಿದರೂ, 40 ಎಂಬುದು ಕಾಯಿದೆಯಲ್ಲಿಯೇ ಇರುವುದರಿಂದ ಅದು ಹಾಗೆಯೇ ಉಳಿದಿದೆ. ಆದರೆ ಗೆರೆಯ ಆಸುಪಾಸಿನಲ್ಲಿ ಬಿದ್ದ ಅಂಕವನ್ನು ದೋಷದ ಮಿತಿಯೊಡನೆ ಬರೆಯಬೇಕು, ಮತ್ತೊಬ್ಬ ಪರೀಕ್ಷಕರು ಮಗುವಿನ ಮನೆಮಾತಿನಲ್ಲಿ ಇನ್ನೊಮ್ಮೆ ಅಳೆಯಬೇಕು, ಆಮೇಲೂ ಸಂಶಯ ಉಳಿದರೆ ಅದರ ಲಾಭ ಮಗುವಿಗೆ ಸಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಹೊಸ ಯಂತ್ರವಾಗಲಿ ಹೊಸ ಕಾಯಿದೆಯಾಗಲಿ ಬೇಕಿಲ್ಲ. ಪ್ರಮಾಣಪತ್ರದ ತೀರ್ಮಾನವನ್ನು ಒಪ್ಪದವರು ಮೇಲ್ಮನವಿ ಸಲ್ಲಿಸಬಹುದೆಂದು ಕಾಯಿದೆಯ 59ನೆಯ ಪ್ರಕರಣ ಈಗಲೇ ಹೇಳುತ್ತದೆ. ಪೀಣ್ಯದಲ್ಲಿ ಅದನ್ನು ಬಲ್ಲವರು ವಿರಳ. ಓದುಬರಹ ಬಲ್ಲ ವಿದ್ಯಾರ್ಥಿಯೊಬ್ಬನು ನೆರೆಮನೆಯವರಿಗೆ ಆ ಅರ್ಜಿಯನ್ನು ಬರೆದುಕೊಟ್ಟರೂ ಆದೀತು.

ನಾವೂ ಅದನ್ನೇ ಮಾಡಿದೆವು. ಅರ್ಜಿಯ ಜೊತೆಗೆ ಇಡಲೆಂದು ಮಗನ ದಿನಚರಿಯನ್ನು ತಾಯಿಯಿಂದ ಕೇಳಿ ಬರೆದುಕೊಳ್ಳುತ್ತಿದ್ದಾಗ, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನೆಯೇ ಎಂಬ ಪ್ರಶ್ನೆ ಬಂದಿತು. ಆಕೆ ಈ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಹಾಕ್ಕೋತಾನ್ರಿ. ಯಾವ ಗುಂಡಿ ಯಾವ ಕಾಜಿಗೆ ಅಂತ ದಿನಾ ನಾನ ತೋರಸಬೇಕ್ರಿ.”